ಬೀಗ ಹಾಕುವುದು ಸುಲಭ, ಬೀಗದ ಕೈ ಕಾಯುವುದೇ ಕೆಲಸ: ಕಂಪ್ಯೂಟರ್‌ನಲ್ಲಿ ಫೈಲ್ ಎನ್‌ಕ್ರಿಪ್ಟ್ ಮಾಡುವವರಿಗೆ

ಕೆಲವು ವರ್ಷಗಳ ಹಿಂದೆ ನನ್ನ ಲ್ಯಾಪ್‌ಟಾಪ್ ತುಂಬ ನಿಧಾನವಾಗಿತ್ತು. ಬೇಕಾದ ಫೈಲ್‌ಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿಕೊಂಡೆ. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿದೆ. ಉಳಿಸಿಕೊಂಡ ಫೈಲ್‌ಗಳಲ್ಲಿ ಒಂದು ಎನ್‌ಕ್ರಿಪ್ಟ್ ಆಗಿತ್ತು, ಅಂದರೆ ಬೇರೆಯವರು ಓದಲಾಗದಂತೆ ಬೀಗ ಹಾಕಿದ್ದು. ಅದರೊಳಗೆ ನನ್ನ ತಂದೆ ಬರೆದ ಪತ್ರಗಳ ಸ್ಕ್ಯಾನ್ ಪ್ರತಿಗಳಿದ್ದವು. ಪಾಸ್‌ಫ್ರೇಸ್ (ಹಲವು ಪದಗಳ ಉದ್ದನೆಯ ಪಾಸ್‌ವರ್ಡ್) ನನಗೆ ಚೆನ್ನಾಗಿ ನೆನಪಿತ್ತು. ಆದರೂ ಅದು ತೆರೆಯಲಿಲ್ಲ.

ಕಾರಣ ಇಷ್ಟೇ. ಫೈಲಿನ ಬೀಗ ತೆಗೆಯುವುದು ‘ಕೀ’ ಅನ್ನುವ ಇನ್ನೊಂದು ಪುಟ್ಟ ಫೈಲ್. ಪಾಸ್‌ಫ್ರೇಸ್ ಕಾಯುವುದು ಆ ಕೀಯನ್ನು, ಫೈಲನ್ನಲ್ಲ. ಆ ಕೀ ವಿಂಡೋಸ್‌ನ ‘ಆ್ಯಪ್‌ಡೇಟಾ’ ಅನ್ನುವ ಅಡಗಿದ ಫೋಲ್ಡರ್‌ನಲ್ಲಿತ್ತು. ನಾನು ನಕಲು ಮಾಡಿಕೊಂಡ ಫೋಲ್ಡರ್‌ಗಳಲ್ಲಿ ಅದು ಇರಲಿಲ್ಲ. ಫಾರ್ಮ್ಯಾಟ್ ಜೊತೆಗೇ ಅಳಿಸಿಹೋಯಿತು. ಎನ್‌ಕ್ರಿಪ್ಟ್ ಆದ ಫೈಲ್ ಇವತ್ತಿಗೂ ನನ್ನ ಹತ್ತಿರ ಇದೆ. ಅದನ್ನು ತೆರೆಯುವ ದಾರಿ ಮಾತ್ರ ಇಲ್ಲ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಎನ್‌ಕ್ರಿಪ್ಟ್ ಮಾಡುವುದನ್ನು ಬೇಗ ಮುಗಿಸುತ್ತೇನೆ. ಅದು ನಾಲ್ಕು ಕ್ಲಿಕ್‌ನ ಕೆಲಸ. ಕೀ ಮಾಡುವುದು, ಕಾಪಾಡುವುದು, ಬದಲಿಸುವುದು, ಇನ್ನೊಬ್ಬರ ಕೀ ನಿಜವಾಗಿ ಅವರದೇನಾ ಎಂದು ನೋಡುವುದು, ಇವುಗಳ ಬಗ್ಗೆ ಜಾಸ್ತಿ ಬರೆಯುತ್ತೇನೆ.

ಮೊದಲು, ಇದು ನಿಮಗೆ ಬೇಕಾ?

ಲ್ಯಾಪ್‌ಟಾಪ್ ಕಳೆದುಹೋದರೆ ಯಾರೂ ಒಳಗೆ ನೋಡಬಾರದು ಅನ್ನುವುದಷ್ಟೇ ನಿಮ್ಮ ಚಿಂತೆಯಾದರೆ ಇಡೀ ಡಿಸ್ಕ್‌ಗೆ ಬೀಗ ಹಾಕಿದರೆ ಸಾಕು. ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ಲಿನಕ್ಸ್‌ನಲ್ಲಿ ಲಕ್ಸ್ ಆ ಕೆಲಸ ಮಾಡುತ್ತವೆ. ಆದರೆ ಕಂಪ್ಯೂಟರ್ ಆನ್ ಆಗಿ ನೀವು ಲಾಗಿನ್ ಆದ ಮೇಲೆ ಆ ಬೀಗ ತೆರೆದೇ ಇರುತ್ತದೆ. ಫೈಲನ್ನು ಮೇಲ್‌ನಲ್ಲಿ ಕಳಿಸಿದರೆ ಅಥವಾ ಕ್ಲೌಡ್‌ಗೆ ಹಾಕಿದರೆ ಅದು ಬೀಗವಿಲ್ಲದೆಯೇ ಹೋಗುತ್ತದೆ.

ಫೈಲ್ ಎಲ್ಲಿಗೆ ಹೋದರೂ ಬೀಗ ಅದರ ಜೊತೆಗೇ ಹೋಗಬೇಕು ಅಂದರೆ ಓಪನ್‌ಪಿಜಿಪಿ ಬೇಕು. ಫಿಲ್ ಜಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಎಂಬ ತಂತ್ರಾಂಶ ಬರೆದರು. ಅದರಿಂದ ಬೆಳೆದ ಮಾನದಂಡವೇ ಓಪನ್‌ಪಿಜಿಪಿ. ವರ್ನರ್ ಕೋಖ್ 1997ರಲ್ಲಿ ಶುರು ಮಾಡಿದ ಗ್ನೂಪಿಜಿ ಅದರ ಉಚಿತ, ಮುಕ್ತ ರೂಪ. ಗ್ನೂಪಿಜಿ ಹಿಂದೆ ಕೂತು ಕೆಲಸ ಮಾಡುತ್ತದೆ. ನಮ್ಮ ಕಣ್ಣಿಗೆ ಕಾಣುವ ಕಿಟಕಿ, ಬಟನ್ ಎಲ್ಲ ಕ್ಲಿಯೋಪಾಟ್ರಾ ಅನ್ನುವ ಆ್ಯಪ್‌ನದು.

ಇದರ ಒಳಗುಟ್ಟು ಹೀಗಿದೆ. ಒತ್ತಿದರೆ ಸಾಕು, ಟಕ್ ಅಂತ ಬೀಳುವ ಬೀಗಗಳು ಗೊತ್ತಲ್ವಾ? ಬೀಗ ಹಾಕಲು ಬೀಗದ ಕೈ ಬೇಡ, ತೆಗೆಯಲು ಮಾತ್ರ ಬೇಕು. ನಿಮ್ಮ ‘ಪಬ್ಲಿಕ್ ಕೀ’ ಅನ್ನುವುದು ಅಂಥ ತೆರೆದ ಬೀಗ. ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. ಅವರು ಅದನ್ನು ಫೈಲ್‌ಗೆ ಒತ್ತಿ ನಿಮಗೆ ಕಳಿಸುತ್ತಾರೆ. ‘ಸೀಕ್ರೆಟ್ ಕೀ’ ಅನ್ನುವುದು ಬೀಗದ ಕೈ. ಅದು ನಿಮ್ಮ ಹತ್ತಿರ ಮಾತ್ರ ಇರಬೇಕು. ಬೀಗ ಹಾಕಿದವರೇ ಬಂದರೂ ಆ ಕೈ ಇಲ್ಲದೆ ತೆರೆಯಲಾರರು.

ಇನ್‌ಸ್ಟಾಲ್ ಮಾಡುವುದು

ವಿಂಡೋಸ್‌ಗೆ ಜಿಪಿಜಿ4ವಿನ್ ಎಂಬ ಕಟ್ಟು ಸಿಗುತ್ತದೆ. ಗ್ನೂಪಿಜಿ, ಕ್ಲಿಯೋಪಾಟ್ರಾ ಎರಡೂ ಅದರಲ್ಲೇ ಇವೆ. ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ. ಡೌನ್‌ಲೋಡ್‌ಗೆ ಮೊದಲು ದೇಣಿಗೆ ಕೇಳುವ ಪುಟ ಬರುತ್ತದೆ. ಅಲ್ಲಿ ಸೊನ್ನೆ ಆರಿಸಿದರೂ ಫೈಲ್ ಸಿಗುತ್ತದೆ.

ಇಳಿಸಿದ ಫೈಲ್ ಅಸಲಿಯೇ ಎಂದು ನೋಡುವ ಕೆಲಸವನ್ನು ದಯವಿಟ್ಟು ಬಿಡಬೇಡಿ. ಬೀಗವೇ ನಕಲಿಯಾದರೆ ಮುಂದಿನದೆಲ್ಲ ವ್ಯರ್ಥ. ಇನ್‌ಸ್ಟಾಲರ್ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ ತೆರೆದು, ‘ಡಿಜಿಟಲ್ ಸಿಗ್ನೇಚರ್ಸ್’ ನೋಡಿ. ಅಲ್ಲಿ ಕಾಣುವ ಸಂಸ್ಥೆಯ ಹೆಸರೂ ತಾಣದಲ್ಲಿ ಹೇಳಿರುವ ಹೆಸರೂ ಒಂದೇ ಆಗಿರಬೇಕು. ಆ ಸಹಿಯೇ ಇಲ್ಲದಿದ್ದರೆ ಫೈಲ್ ಅಳಿಸಿ ಮತ್ತೆ ಇಳಿಸಿಕೊಳ್ಳಿ.

ಇನ್‌ಸ್ಟಾಲ್ ಆಗುವಾಗ ಯಾವ ಭಾಗಗಳು ಬೇಕು ಎಂದು ಕೇಳುತ್ತದೆ. ಕ್ಲಿಯೋಪಾಟ್ರಾಗೆ ಟಿಕ್ ಇರಲಿ. ಜಿಪಿಜಿಇಎಕ್ಸ್ ಅನ್ನುವುದಕ್ಕೂ ಇರಲಿ. ಫೈಲ್ ಮೇಲೆ ಬಲ ಕ್ಲಿಕ್ ಮಾಡಿದಾಗ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ ಬರುವುದು ಅದರಿಂದಲೇ. ಔಟ್‌ಲುಕ್ ಬಳಸದವರು ಜಿಪಿಜಿಓಎಲ್ ಬಿಟ್ಟುಬಿಡಬಹುದು.

ಲಿನಕ್ಸ್‌ನಲ್ಲಿ ಗ್ನೂಪಿಜಿ ಬಹುತೇಕ ಮೊದಲೇ ಇರುತ್ತದೆ. ಸಾಫ್ಟ್‌ವೇರ್ ಭಂಡಾರದಲ್ಲಿ ಕ್ಲಿಯೋಪಾಟ್ರಾ ಹುಡುಕಿ ಹಾಕಿಕೊಳ್ಳಿ. ಮ್ಯಾಕ್‌ನವರಿಗೆ ಜಿಪಿಜಿ ಸೂಟ್ ಇದೆ. ಬಟನ್‌ಗಳ ಹೆಸರು ಬೇರೆ, ಕೆಲಸ ಅದೇ. ಮುಂದಿನ ಹಂತಗಳನ್ನು ನಾನು ಕ್ಲಿಯೋಪಾಟ್ರಾ ಇಟ್ಟುಕೊಂಡೇ ಹೇಳುತ್ತೇನೆ. ಬೇರೆ ಬೇರೆ ಆವೃತ್ತಿಗಳಲ್ಲಿ ಮೆನುವಿನ ಪದಗಳು ಸ್ವಲ್ಪ ಆಚೀಚೆ ಆಗುತ್ತವೆ, ಗಾಬರಿ ಬೇಡ.

ಕೀ ಜೋಡಿ ಮಾಡುವುದು

1. ಕ್ಲಿಯೋಪಾಟ್ರಾ ತೆರೆಯಿರಿ. ‘ಫೈಲ್’ ಮೆನುವಿನಲ್ಲಿ ‘ನ್ಯೂ ಓಪನ್‌ಪಿಜಿಪಿ ಕೀ ಪೇರ್’ ಒತ್ತಿ.

2. ಹೆಸರು, ಇಮೇಲ್ ಬರೆಯಿರಿ. ಇವು ಪಬ್ಲಿಕ್ ಕೀಯ ಭಾಗವಾಗುತ್ತವೆ. ಕೀ ಸಿಕ್ಕವರಿಗೆಲ್ಲ ಕಾಣುತ್ತವೆ. ನಿಮ್ಮ ಸ್ವಂತ ಫೈಲ್‌ಗಳಿಗೆ ಮಾತ್ರ ಬಳಸುವ ಕೀ ಆದರೆ ಇಮೇಲ್ ಖಾಲಿ ಬಿಡಬಹುದು.

3. ‘ಪಾಸ್‌ಫ್ರೇಸ್‌ನಿಂದ ಕೀಯನ್ನು ಕಾಪಾಡು’ ಎಂಬ ಅರ್ಥದ ಚೌಕ ಇದೆ. ಅದಕ್ಕೆ ಟಿಕ್ ಇದೆಯೇ ನೋಡಿ. ಇಲ್ಲದಿದ್ದರೆ ಹಾಕಿ. ಟಿಕ್ ಇಲ್ಲದೆ ಮಾಡಿದ ಕೀ ಯಾರ ಕೈಗೆ ಸಿಕ್ಕಿದರೂ ಹಾಗೇ ಕೆಲಸ ಮಾಡುತ್ತದೆ.

4. ‘ಅಡ್ವಾನ್ಸ್ಡ್ ಸೆಟ್ಟಿಂಗ್ಸ್’ ಒಳಗೆ ಕೀಯ ಬಗೆ ಮತ್ತು ಅವಧಿ ಇವೆ. ಬಗೆಯನ್ನು ಮುಟ್ಟದಿದ್ದರೂ ನಡೆಯುತ್ತದೆ. ಹೊಸ ಆವೃತ್ತಿಗಳು ತಾವಾಗಿಯೇ ಒಳ್ಳೆಯದನ್ನೇ ಆರಿಸುತ್ತವೆ. ಆರ್‌ಎಸ್‌ಎ ಬಗೆಯೇ ಬೇಕು ಅನ್ನುವವರು 3072 ಬಿಟ್‌ಗಿಂತ ಕಡಿಮೆಗೆ ಇಳಿಯಬೇಡಿ.

5. ಅವಧಿಗೆ 2 ವರ್ಷ ಕೊಡಿ.

ಅವಧಿ ಅಂದ ಕೂಡಲೇ ಎಲ್ಲರೂ ಹೆದರುತ್ತಾರೆ. ‘2 ವರ್ಷ ಆದ ಮೇಲೆ ನನ್ನ ಫೈಲ್ ತೆರೆಯುವುದಿಲ್ವಾ?’ ಎಂದು ಕೇಳುತ್ತಾರೆ. ತೆರೆಯುತ್ತದೆ. ಅವಧಿ ಮುಗಿದ ಕೀಯಿಂದ ಹಳೆಯ ಫೈಲ್ ಯಾವಾಗ ಬೇಕಾದರೂ ಬಿಡಿಸಬಹುದು. ಹೊಸದಾಗಿ ಎನ್‌ಕ್ರಿಪ್ಟ್ ಮಾಡುವುದು ಮಾತ್ರ ನಿಲ್ಲುತ್ತದೆ. ಸೀಕ್ರೆಟ್ ಕೀ ನಿಮ್ಮ ಹತ್ತಿರ ಇದ್ದರೆ ದಿನಾಂಕವನ್ನು ಮುಂದೆ ಹಾಕಬಹುದು, ಅವಧಿ ಮುಗಿದ ಮೇಲೂ ಹಾಕಬಹುದು. ಹಾಗಾದರೆ ಅವಧಿ ಯಾಕೆ? ನಾಳೆ ನಿಮ್ಮ ಕೀಯೇ ಕಳೆದುಹೋದರೆ, ಜನ ಆ ಹಳೆಯ ಬೀಗವನ್ನು ಬಳಸಿ ನೀವು ತೆರೆಯಲಾಗದ ಫೈಲ್‌ಗಳನ್ನು ಕಳಿಸುತ್ತಲೇ ಇರುತ್ತಾರೆ. ಅವಧಿ ಇದ್ದರೆ ಅದು ತಾನಾಗಿಯೇ ನಿಲ್ಲುತ್ತದೆ.

ಪಾಸ್‌ಫ್ರೇಸ್

‘ಓಕೆ’ ಒತ್ತಿದ ತಕ್ಷಣ ಒಂದು ಪುಟ್ಟ ಕಿಟಕಿ ಪಾಸ್‌ಫ್ರೇಸ್ ಕೇಳುತ್ತದೆ. ಅಲ್ಲಿ ಅವಸರ ಬೇಡ. ಕಿಟಕಿ ತೆರೆಯುವ ಮೊದಲೇ ಯೋಚಿಸಿ, ಕಾಗದದಲ್ಲಿ ಬರೆದು ಇಟ್ಟುಕೊಂಡಿರಿ.

ಹೆಸರು, ಹುಟ್ಟಿದ ವರ್ಷ, ಒಂದು ಆಶ್ಚರ್ಯಚಿಹ್ನೆ, ಇಷ್ಟು ಸೇರಿಸಿದರೆ ಗಟ್ಟಿ ಅಂತ ನಾವು ಅಂದುಕೊಳ್ಳುತ್ತೇವೆ. ಕದಿಯುವವರ ತಂತ್ರಾಂಶ ಮೊದಲು ಪರೀಕ್ಷಿಸುವುದೇ ಅಂಥವನ್ನು. ಬದಲಿಗೆ, ಒಂದಕ್ಕೊಂದು ಸಂಬಂಧವಿಲ್ಲದ ಆರು ಪದ ಆರಿಸಿ. ಪದಗಳನ್ನು ನಿಮ್ಮ ಮನಸ್ಸು ಆರಿಸಬಾರದು, ದಾಳ ಆರಿಸಬೇಕು. ಈ ವಿಧಾನಕ್ಕೆ ಡೈಸ್‌ವೇರ್ ಎಂದು ಹೆಸರು. 7776 ಪದಗಳ ಪಟ್ಟಿ ಇರುತ್ತದೆ. ದಾಳವನ್ನು ಐದು ಸಲ ಹಾಕಿದರೆ ಒಂದು ಪದ ಸಿಗುತ್ತದೆ. ಹೀಗೆ ಆರು ಪದ ಆರಿಸಿದರೆ ಆಗಬಹುದಾದ ಜೋಡಣೆಗಳ ಲೆಕ್ಕ 2ರ ಮುಂದೆ 23 ಸೊನ್ನೆ ಇಟ್ಟಷ್ಟು. ಊಹೆ ಮಾಡಿ ಅಲ್ಲಿಗೆ ಮುಟ್ಟುವುದು ಆಗದ ಮಾತು.

ಕನ್ನಡ ಪದಗಳನ್ನು ಬಳಸಬಹುದಾ? ಖಂಡಿತ, ನಾನೂ ಬಳಸುತ್ತೇನೆ. ಆದರೆ ಕನ್ನಡ ಲಿಪಿಯಲ್ಲಿ ಟೈಪ್ ಮಾಡಬೇಡಿ. ಒಂದು ಕಂಪ್ಯೂಟರ್‌ನಲ್ಲಿ ನುಡಿ ಕೀಬೋರ್ಡ್ ಇರುತ್ತದೆ, ಇನ್ನೊಂದರಲ್ಲಿ ಇನ್‌ಸ್ಕ್ರಿಪ್ಟ್. ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಕೂಡಿಸುವ, ಬಿಡಿಸುವ ಚಿಹ್ನೆಗಳು ಬೇರೆ ಸೇರಿಕೊಳ್ಳುತ್ತವೆ. ನೋಡಲು ಒಂದೇ ಪದ, ಕಂಪ್ಯೂಟರ್‌ಗೆ ಎರಡು. ಅದಕ್ಕೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ. ದೀರ್ಘಕ್ಕೆ ಒಂದು ‘ಎ’ ಹಾಕಿದಿರಾ, ಎರಡಾ? ‘ಳ’ಕ್ಕೆ ದೊಡ್ಡ ಅಕ್ಷರವಾ, ಚಿಕ್ಕದಾ? ಇದನ್ನು ಒಮ್ಮೆ ತೀರ್ಮಾನಿಸಿ ಕಾಗದದಲ್ಲಿ ಹಾಗೇ ಬರೆದಿಡಿ. ಆರು ತಿಂಗಳ ನಂತರ ಪದ ನೆನಪಿರುತ್ತದೆ, ಕಾಗುಣಿತ ಕೈಕೊಡುತ್ತದೆ.

ಆ ಕಾಗದವನ್ನು ಕಂಪ್ಯೂಟರ್ ಹತ್ತಿರ ಇಡಬೇಡಿ. ಮನೆಯಲ್ಲಿ ಬೆಲೆಬಾಳುವ ದಾಖಲೆಗಳು ಎಲ್ಲಿವೆಯೋ ಅಲ್ಲಿ ಇರಲಿ. ಅದರ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳುವುದೂ ಬೇಡ. ಆ ಫೋಟೋ ಸುಮ್ನೆ ಕ್ಲೌಡ್‌ಗೆ ಹೋಗಿ ಕೂತಿರುತ್ತದೆ.

ಒಂದೇ ಒಂದು ಫೈಲ್ ಎನ್‌ಕ್ರಿಪ್ಟ್ ಮಾಡುವ ಮೊದಲು

ಈಗ ಕೈ ತುರಿಸುತ್ತದೆ, ಗೊತ್ತು. ಸ್ವಲ್ಪ ತಡೆಯಿರಿ. ನಾನು ಬಿಟ್ಟ ಹಂತ ಇದೇ.

ಪಟ್ಟಿಯಲ್ಲಿ ನಿಮ್ಮ ಕೀ ದಪ್ಪ ಅಕ್ಷರದಲ್ಲಿ ಕಾಣುತ್ತದೆ. ಅದರ ಮೇಲೆ ಬಲ ಕ್ಲಿಕ್ ಮಾಡಿ ‘ಬ್ಯಾಕಪ್ ಸೀಕ್ರೆಟ್ ಕೀಸ್’ ಆರಿಸಿ. ಪಾಸ್‌ಫ್ರೇಸ್ ಕೇಳುತ್ತದೆ, ಕೊಡಿ. ಒಂದು ಫೈಲ್ ಸಿಗುತ್ತದೆ. ಅದನ್ನು ಎರಡು ಬೇರೆ ಬೇರೆ ಪೆನ್‌ಡ್ರೈವ್‌ಗೆ ಹಾಕಿ, ಎರಡನ್ನೂ ಬೇರೆ ಬೇರೆ ಜಾಗದಲ್ಲಿ ಇಡಿ. ಒಂದು ಸಾಲದು. ಪೆನ್‌ಡ್ರೈವ್ ವರ್ಷಗಟ್ಟಲೆ ಹಾಗೇ ಬಿದ್ದಿದ್ದರೆ ಕೆಡುವುದುಂಟು. ಸೀಕ್ರೆಟ್ ಕೀಯನ್ನು ಕಾಗದದಲ್ಲಿ ಮುದ್ರಿಸುವ ಅನುಕೂಲವೂ ಕ್ಲಿಯೋಪಾಟ್ರಾದಲ್ಲಿದೆ. ಪ್ರಿಂಟರ್ ನಿಮ್ಮದೇ ಆಗಿದ್ದರೆ ಮಾತ್ರ ಮಾಡಿ.

ಈ ಬ್ಯಾಕಪ್ ಫೈಲ್ ನಿಮ್ಮ ಪಾಸ್‌ಫ್ರೇಸ್‌ನ ರಕ್ಷಣೆಯಲ್ಲೇ ಇರುತ್ತದೆ. ಹಾಗಂತ ಅದನ್ನು ಮೇಲ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಬೇಡಿ. ಪಾಸ್‌ಫ್ರೇಸ್ ಬರೆದ ಕಾಗದವೂ ಪೆನ್‌ಡ್ರೈವೂ ಒಂದೇ ಲಕೋಟೆಯಲ್ಲಿ ಇರಬಾರದು.

ಜೊತೆಗೆ ಇನ್ನೊಂದು ಫೈಲ್ ಬೇಕು, ‘ರಿವೊಕೇಷನ್ ಸರ್ಟಿಫಿಕೇಟ್’. ‘ಈ ಕೀ ಇನ್ನು ನನ್ನದಲ್ಲ, ಬಳಸಬೇಡಿ’ ಎಂದು ಲೋಕಕ್ಕೆ ಸಾರುವ ಪತ್ರ ಅದು. ಕೀ ಕಳೆದ ಮೇಲೆ ಅದನ್ನು ಮಾಡಲು ಬರುವುದಿಲ್ಲ. ಮಾಡಲು ಅದೇ ಕೀ ಬೇಕಲ್ವಾ? ಕೀಯ ವಿವರದ ಕಿಟಕಿ ತೆರೆದರೆ ಇದಕ್ಕೆ ಬಟನ್ ಇದೆ. ಇದನ್ನೂ ಆ ಪೆನ್‌ಡ್ರೈವ್‌ಗಳಲ್ಲಿ ಇಡಿ. ಹುಷಾರು, ಇದಕ್ಕೆ ಪಾಸ್‌ಫ್ರೇಸ್ ರಕ್ಷಣೆ ಇಲ್ಲ. ಬೇರೆಯವರ ಕೈಗೆ ಸಿಕ್ಕರೆ ನಿಮ್ಮ ಫೈಲ್ ಓದಲಾರರು, ಆದರೆ ನಿಮ್ಮ ಕೀಯನ್ನು ರದ್ದು ಮಾಡಬಲ್ಲರು.

ಆಮೇಲೆ ಬ್ಯಾಕಪ್ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ನೋಡಿ. ನಂಬಿಕೆಯ ಇನ್ನೊಂದು ಕಂಪ್ಯೂಟರ್ ಇದ್ದರೆ ಅಲ್ಲಿ ಕ್ಲಿಯೋಪಾಟ್ರಾ ಹಾಕಿ, ಪೆನ್‌ಡ್ರೈವ್‌ನಿಂದ ಕೀ ಇಂಪೋರ್ಟ್ ಮಾಡಿ. ‘ಇದು ನಿಮ್ಮದೇ ಕೀಯಾ?’ ಎಂದು ಕೇಳುತ್ತದೆ, ಹೌದು ಅನ್ನಿ. ಮೊದಲ ಕಂಪ್ಯೂಟರ್‌ನಲ್ಲಿ ಒಂದು ಖಾಲಿ ಟಿಪ್ಪಣಿ ಎನ್‌ಕ್ರಿಪ್ಟ್ ಮಾಡಿ ಇಲ್ಲಿ ತೆರೆದು ನೋಡಿ. ತೆರೆದರೆ ಬ್ಯಾಕಪ್ ಗಟ್ಟಿ. ನೋಡಿದ ಮೇಲೆ ಆ ಕಂಪ್ಯೂಟರ್‌ನಿಂದ ಕೀ ಅಳಿಸಿ.

ಇನ್ನು ಫೈಲ್

ಫೈಲ್ ಅಥವಾ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ‘ಸೈನ್ ಆ್ಯಂಡ್ ಎನ್‌ಕ್ರಿಪ್ಟ್’ ಆರಿಸಿ. ಒಂದು ಕಿಟಕಿ ತೆರೆಯುತ್ತದೆ. ‘ಎನ್‌ಕ್ರಿಪ್ಟ್ ಫಾರ್ ಮಿ’ ಅನ್ನುವಲ್ಲಿ ನಿಮ್ಮ ಕೀ ಇರಲಿ. ಇನ್ನೊಬ್ಬರಿಗೆ ಕಳಿಸುವುದಾದರೆ ‘ಎನ್‌ಕ್ರಿಪ್ಟ್ ಫಾರ್ ಅದರ್ಸ್’ ಅನ್ನುವಲ್ಲಿ ಅವರ ಹೆಸರು ಸೇರಿಸಿ. ‘ಎನ್‌ಕ್ರಿಪ್ಟ್’ ಒತ್ತಿ. ಅಷ್ಟೇ.

ಇನ್ನೊಬ್ಬರಿಗೆ ಕಳಿಸುವಾಗಲೂ ‘ಫಾರ್ ಮಿ’ ಟಿಕ್ ತೆಗೆಯಬೇಡಿ. ತೆಗೆದರೆ ನೀವೇ ಕಳಿಸಿದ ಫೈಲನ್ನು ನೀವೇ ತೆರೆಯಲಾರಿರಿ. ‘ಸೈನ್’ ಅನ್ನುವುದಕ್ಕೂ ಟಿಕ್ ಇರಲಿ. ಫೈಲ್ ನಿಮ್ಮಿಂದಲೇ ಬಂತು, ದಾರಿಯಲ್ಲಿ ಯಾರೂ ತಿದ್ದಲಿಲ್ಲ ಎಂದು ಪಡೆದವರಿಗೆ ತಿಳಿಯುವುದು ಆ ಸಹಿಯಿಂದ.

ಕೀ ಇಲ್ಲದ ಸ್ನೇಹಿತರಿಗೆ ಕಳಿಸಬೇಕಾದಾಗ ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’ ಇದೆ. ಆಗ ಪಾಸ್‌ವರ್ಡನ್ನು ಫೈಲ್ ಹೋದ ದಾರಿಯಲ್ಲೇ ಕಳಿಸಬೇಡಿ. ಫೈಲ್ ಮೇಲ್‌ನಲ್ಲಿ ಹೋದರೆ ಪಾಸ್‌ವರ್ಡ್ ಫೋನ್ ಮಾಡಿ ಹೇಳಿ.

ತೆರೆಯುವುದು ಇನ್ನೂ ಸುಲಭ. ಎನ್‌ಕ್ರಿಪ್ಟ್ ಆದ ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಪಾಸ್‌ಫ್ರೇಸ್ ಕೊಡಿ, ‘ಸೇವ್’ ಒತ್ತಿ. ಒಮ್ಮೆ ಕೊಟ್ಟ ಪಾಸ್‌ಫ್ರೇಸನ್ನು ಗ್ನೂಪಿಜಿ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ 10 ನಿಮಿಷ. ಅಷ್ಟರೊಳಗೆ ನೀವು ಎದ್ದುಹೋದರೆ, ಆ ಕುರ್ಚಿಯಲ್ಲಿ ಕೂತವರು ನಿಮ್ಮ ಫೈಲ್ ತೆರೆಯಬಹುದು. ಏಳುವಾಗ ಪರದೆ ಲಾಕ್ ಮಾಡಿ.

ಬಹಳ ಜನ ಗಮನಿಸದ ಒಂದು ವಿಷಯ ಇದೆ. ಎನ್‌ಕ್ರಿಪ್ಟ್ ಮಾಡಿದರೆ ಹೊಸ ಪ್ರತಿ ಹುಟ್ಟುತ್ತದೆ, ಮೂಲ ಫೈಲ್ ಹಾಗೇ ಪಕ್ಕದಲ್ಲಿ ಉಳಿಯುತ್ತದೆ. ಅದನ್ನು ನೀವೇ ಅಳಿಸಬೇಕು, ರೀಸೈಕಲ್ ಬಿನ್ ಕೂಡ ಖಾಲಿ ಮಾಡಬೇಕು. ಹೊಸ ಪ್ರತಿ ತೆರೆಯುತ್ತದೆಯೇ ಎಂದು ನೋಡಿದ ಮೇಲೆಯೇ ಅಳಿಸಿ. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಅಳಿಸಿದ್ದರ ಉಳಿಕೆ ಒಳಗೆಲ್ಲೋ ಇರುವ ಸಾಧ್ಯತೆ ಇದೆ. ಹಾಗಾಗಿ ಮೇಲೆ ಹೇಳಿದ ಡಿಸ್ಕ್ ಬೀಗವನ್ನೂ ಹಾಕಿಕೊಂಡರೆ ಒಳ್ಳೆಯದು. ಎರಡೂ ಸೇರಿದಾಗಲೇ ರಕ್ಷಣೆ ಪೂರ್ತಿ. ಫೈಲ್‌ನ ಹೆಸರೂ ಹೊರಗೆ ಕಾಣುತ್ತದೆ, ಅದರಲ್ಲಿ ಗುಟ್ಟಿನ ವಿಷಯ ಬರೆಯಬೇಡಿ.

ಇನ್ನೊಬ್ಬರ ಕೀ ಅವರದೇನಾ?

ಸ್ನೇಹಿತರು ತಮ್ಮ ಪಬ್ಲಿಕ್ ಕೀ ಫೈಲ್ ಕಳಿಸಿದರೆ ‘ಇಂಪೋರ್ಟ್’ ಒತ್ತಿ ಸೇರಿಸಿಕೊಳ್ಳಿ. ನಿಮ್ಮದನ್ನು ಕೊಡಲು ‘ಎಕ್ಸ್‌ಪೋರ್ಟ್’ ಒತ್ತಿ. ಎಕ್ಸ್‌ಪೋರ್ಟ್‌ನಲ್ಲಿ ಹೋಗುವುದು ಪಬ್ಲಿಕ್ ಕೀ ಮಾತ್ರ, ನಿಶ್ಚಿಂತೆಯಾಗಿ ಕಳಿಸಬಹುದು. ‘ಬ್ಯಾಕಪ್’ ಮಾಡಿ ಸಿಕ್ಕ ಫೈಲನ್ನು ಮಾತ್ರ ಯಾರಿಗೂ ಕಳಿಸಬಾರದು. ಇವೆರಡನ್ನೂ ಅದಲು ಬದಲು ಮಾಡಿಕೊಂಡವರಿದ್ದಾರೆ, ಕಳಿಸುವ ಮೊದಲು ಒಮ್ಮೆ ನೋಡಿ.

ಕೀ ಮೇಲೆ ಯಾವ ಹೆಸರನ್ನು ಬೇಕಾದರೂ ಬರೆಯಬಹುದು. ನಿಮ್ಮ ಹೆಸರು, ಇಮೇಲ್ ಹಾಕಿ ಈಗಲೇ ನಾನೊಂದು ಕೀ ಮಾಡಬಲ್ಲೆ, ತಡೆಯುವವರು ಯಾರೂ ಇಲ್ಲ. ಹಾಗಾಗಿ ಹೆಸರನ್ನು ನಂಬಬೇಡಿ, ‘ಫಿಂಗರ್‌ಪ್ರಿಂಟ್’ ನೋಡಿ. ಇದು ಕೀಯ ಬೆರಳಚ್ಚು. ಸಾಮಾನ್ಯವಾಗಿ 40 ಅಂಕಿ-ಅಕ್ಷರಗಳಿರುತ್ತವೆ. ಸ್ನೇಹಿತರಿಗೆ ಫೋನ್ ಮಾಡಿ, ಅಥವಾ ಎದುರು ಸಿಕ್ಕಾಗ, ನಾಲ್ಕು ನಾಲ್ಕಾಗಿ ಓದಿ ಹೇಳಲು ಹೇಳಿ. ನಿಮ್ಮ ಪರದೆಯಲ್ಲಿ ಕಾಣುವುದರ ಜೊತೆ ತಾಳೆ ನೋಡಿ. ಕೀ ಬಂದ ಮೇಲ್‌ನಲ್ಲೇ ಬೆರಳಚ್ಚನ್ನೂ ಕಳಿಸಿದ್ದರೆ ಅದಕ್ಕೆ ಬೆಲೆ ಇಲ್ಲ.

ಕೊನೆಯ 8 ಮಾತ್ರ ನೋಡಿದರೆ ಸಾಲದಾ? ಸಾಲದು. ಕೊನೆಯ 8 ಒಂದೇ ಆಗಿರುವ ನಕಲಿ ಕೀಯನ್ನು ಕೆಲವೇ ಸೆಕೆಂಡುಗಳಲ್ಲಿ ಮಾಡಬಹುದು ಎಂದು 2014ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಪೂರ್ತಿ ಓದಿಸಲು ಎರಡು ನಿಮಿಷ ಹಿಡಿಯಬಹುದು, ಕೊಡಿ.

ತಾಳೆಯಾದರೆ ಅವರ ಕೀ ಮೇಲೆ ಬಲ ಕ್ಲಿಕ್ ಮಾಡಿ ‘ಸರ್ಟಿಫೈ’ ಒತ್ತಿ. ‘ನಾನು ಇದನ್ನು ಪರೀಕ್ಷಿಸಿದ್ದೇನೆ’ ಎಂಬ ನಿಮ್ಮ ಗುರುತು ಅದು. ತಾಳೆ ನೋಡದೆ ಸುಮ್ನೆ ಸರ್ಟಿಫೈ ಮಾಡಬೇಡಿ.

ಪಬ್ಲಿಕ್ ಕೀಗಳನ್ನು ಹಂಚುವ ಸರ್ವರ್‌ಗಳೂ ಇವೆ. ಹಳೆಯ ಬಗೆಯ ಸರ್ವರ್‌ಗಳಲ್ಲಿ ಒಮ್ಮೆ ಹಾಕಿದ ಕೀಯನ್ನು ತೆಗೆಯಲು ಬರುತ್ತಿರಲಿಲ್ಲ. 2019ರಲ್ಲಿ ಶುರುವಾದ ಕೀಸ್ ಡಾಟ್ ಓಪನ್‌ಪಿಜಿಪಿ ಡಾಟ್ ಆರ್ಗ್ ಬೇರೆ ತರಹ. ಇಮೇಲ್ ನಿಮ್ಮದೇ ಎಂದು ಖಚಿತ ಮಾಡಿದ ಮೇಲೆ ಮಾತ್ರ ಹೆಸರು, ವಿಳಾಸ ತೋರಿಸುತ್ತದೆ, ಬೇಡವಾದರೆ ತೆಗೆಸಬಹುದು. ಆದರೂ ಬ್ಯಾಕಪ್ ಆಗದ ಕೀಯನ್ನು ಯಾವ ಸರ್ವರ್‌ಗೂ ಹಾಕಬೇಡಿ.

ಮೇಲ್‌ಗೆ ಬಳಸಬೇಕು ಅನ್ನುವವರಿಗೆ ಎರಡು ಮಾತು. ಥಂಡರ್‌ಬರ್ಡ್ ಅನ್ನುವ ಮೇಲ್ ಆ್ಯಪ್‌ನ 78ನೇ ಆವೃತ್ತಿಯಿಂದ ಓಪನ್‌ಪಿಜಿಪಿ ಅದರೊಳಗೇ ಇದೆ. ಆದರೆ ಅದು ತನ್ನದೇ ಕೀ ಗೊಂಚಲು ಇಟ್ಟುಕೊಳ್ಳುತ್ತದೆ. ಕ್ಲಿಯೋಪಾಟ್ರಾದಲ್ಲಿ ಇರುವ ಕೀಯನ್ನು ಅಲ್ಲಿಗೂ ಇಂಪೋರ್ಟ್ ಮಾಡಬೇಕು. ಮೇಲ್‌ನ ಒಳಗಿನ ಮಾತು ಮುಚ್ಚಿದರೂ ಯಾರು ಯಾರಿಗೆ ಯಾವಾಗ ಬರೆದರು ಅನ್ನುವುದು ಮುಚ್ಚುವುದಿಲ್ಲ.

ಕೀಗೆ ವಯಸ್ಸಾದಾಗ, ಕಂಪ್ಯೂಟರ್ ಬದಲಾದಾಗ

ಅವಧಿ ಮುಗಿಯುವ ಒಂದು ತಿಂಗಳ ಮೊದಲಿನ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಆ ದಿನ ಕೀಯ ವಿವರ ತೆರೆದು ದಿನಾಂಕವನ್ನು ಮುಂದೆ ಹಾಕಿ, ಪಬ್ಲಿಕ್ ಕೀಯನ್ನು ಮತ್ತೆ ಎಕ್ಸ್‌ಪೋರ್ಟ್ ಮಾಡಿ ಸ್ನೇಹಿತರಿಗೆ ಕಳಿಸಿ. ಅವರ ಹತ್ತಿರ ಇರುವ ಪ್ರತಿಯಲ್ಲಿ ದಿನಾಂಕ ತಾನಾಗಿ ಬದಲಾಗುವುದಿಲ್ಲ. ಅದೇ ದಿನ ಎರಡೂ ಪೆನ್‌ಡ್ರೈವ್ ಚುಚ್ಚಿ, ಓದುತ್ತವೆಯೇ ನೋಡಿ.

ಲ್ಯಾಪ್‌ಟಾಪ್ ಕಳುವಾದರೆ, ಅಥವಾ ಕೀ ಬೇರೆಯವರ ಕೈಗೆ ಹೋಯಿತು ಎಂಬ ಅನುಮಾನ ಬಂದರೆ, ರಿವೊಕೇಷನ್ ಸರ್ಟಿಫಿಕೇಟನ್ನು ಇಂಪೋರ್ಟ್ ಮಾಡಿ. ಕೀ ರದ್ದಾಗುತ್ತದೆ. ರದ್ದಾದ ಕೀಯನ್ನು ಎಲ್ಲರಿಗೂ ಕಳಿಸಿ, ಸರ್ವರ್‌ಗೂ ಹಾಕಿ. ಗ್ನೂಪಿಜಿ ತಾನಾಗಿಯೇ ಮಾಡಿಟ್ಟ ಸರ್ಟಿಫಿಕೇಟ್ ಆಗಿದ್ದರೆ, ಅಕಸ್ಮಾತ್ತಾಗಿ ಬಳಕೆಯಾಗದಿರಲಿ ಎಂದು ಒಂದು ಸಾಲಿನ ಮುಂದೆ ಕೋಲನ್ ಚಿಹ್ನೆ ಇಟ್ಟಿರುತ್ತಾರೆ. ಅದನ್ನು ಅಳಿಸಿ ಆಮೇಲೆ ಇಂಪೋರ್ಟ್ ಮಾಡಿ. ರದ್ದಾದ ಕೀಯಿಂದಲೂ ಹಳೆಯ ಫೈಲ್ ತೆರೆಯಬಹುದು, ಹಾಗಾಗಿ ಅದನ್ನು ಎಸೆಯಬೇಡಿ. ಆ ಫೈಲ್‌ಗಳನ್ನು ತೆರೆದು ಹೊಸ ಕೀಯಿಂದ ಮತ್ತೆ ಎನ್‌ಕ್ರಿಪ್ಟ್ ಮಾಡಿ.

ಹೊಸ ಕಂಪ್ಯೂಟರ್‌ಗೆ ಹೋಗುವಾಗ ಹಳೆಯದರಲ್ಲಿ ಸೀಕ್ರೆಟ್ ಕೀಯನ್ನು ಮತ್ತೊಮ್ಮೆ ಬ್ಯಾಕಪ್ ಮಾಡಿ. ಎಲ್ಲ ಸ್ನೇಹಿತರ ಕೀಗಳನ್ನೂ ಆರಿಸಿ ಎಕ್ಸ್‌ಪೋರ್ಟ್ ಮಾಡಿ. ಹೊಸದರಲ್ಲಿ ಎಲ್ಲವನ್ನೂ ಇಂಪೋರ್ಟ್ ಮಾಡಿ. ನಿಮ್ಮ ಹತ್ತಿರ ಇರುವ ಎನ್‌ಕ್ರಿಪ್ಟ್ ಆದ ಫೈಲ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು ಹುಡುಕಿ, ಹೊಸ ಕಂಪ್ಯೂಟರ್‌ನಲ್ಲಿ ತೆರೆಯಿರಿ. ಒಳಗಿನದನ್ನು ಕಣ್ಣಾರೆ ಓದಿದ ಮೇಲೆ ಹಳೆಯದರ ಫಾರ್ಮ್ಯಾಟ್‌ಗೆ ಕೈ ಹಾಕಿ.